ಆಕಾಶವಾಣಿ, ದೂರದರ್ಶನಕ್ಕೆ ನಮ್ಮ ತೆರಿಗೆ ಹಣ ಯಾಕೆ?

ಬಜೆಟ್ ಬಂತು ಅಂದರೆ ಮುಂಬೈ, ಠಾಣೆಯ ಓದುಗರಿಂದ ನನಗೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಪ್ರತಿ ಸಲ ಎರಡು ಸಾಲಲ್ಲಿ ಮುಗಿಸುತ್ತಿದ್ದೆ. ಅದು ಸಾಲುತ್ತಿಲ್ಲ. ಈ ಸಲ ಪೂರ್ತಿ ಬರೆಯುತ್ತೇನೆ. ಆಕಾಶವಾಣಿ, ದೂರದರ್ಶನ ಎರಡನ್ನೂ ನಡೆಸುವ ಸಂಸ್ಥೆ ಪ್ರಸಾರ ಭಾರತಿ, ಅಷ್ಟು ಗೊತ್ತಿದ್ದರೆ ಸಾಕು.

ಪ್ರಶ್ನೆ: ದೂರದರ್ಶನ, ಆಕಾಶವಾಣಿ ಈಗ ಯಾರೂ ನೋಡಲ್ಲ, ಕೇಳಲ್ಲ. ಬಿಬಿಸಿ ಸರ್ಕಾರದ ದುಡ್ಡಿಲ್ಲದೆ ನಡೆಯುತ್ತೆ ಅಲ್ವಾ? ಇವೂ ಜಾಹೀರಾತಿನಿಂದ ಬದುಕಲಿ, ಇಲ್ಲಾಂದ್ರೆ ಮುಚ್ಚಲಿ. (ಡೊಂಬಿವಲಿಯ ಓದುಗರು)

ಮೊದಲು ಬಿಬಿಸಿ ವಿಷಯ. ವಾಟ್ಸಾಪ್‌ನಲ್ಲಿ ಓಡಾಡುವ ಈ ಮಾತು ಸುಳ್ಳು. ಬ್ರಿಟನ್ನಿನಲ್ಲಿ ಟಿವಿ ನೋಡುವ ಮನೆಯವರು ಲೈಸೆನ್ಸ್ ಶುಲ್ಕ ಕಟ್ಟಲೇಬೇಕು, ಅದು ಕಾನೂನು. ಬೇರೆ ದೇಶಗಳಿಗಾಗಿ ನಡೆಸುವ ಅವರ ವರ್ಲ್ಡ್ ಸರ್ವಿಸ್‌ಗೆ ವಿದೇಶಾಂಗ ಇಲಾಖೆಯ ದುಡ್ಡೂ ಬರುತ್ತದೆ. ಜರ್ಮನಿಯಲ್ಲಿ ಇಂಥದೇ ಪ್ರಸಾರ ಶುಲ್ಕ ಮನೆಗೆ ತಿಂಗಳಿಗೆ 18.36 ಯೂರೋ. ನಮ್ಮಲ್ಲೂ 1985ರವರೆಗೆ ರೇಡಿಯೋ, ಟಿವಿಗೆ ಲೈಸೆನ್ಸ್ ಇತ್ತು. ಅಂಚೆ ಕಚೇರಿಗೆ ಹೋಗಿ ಪುಸ್ತಕದಲ್ಲಿ ನವೀಕರಣ ಮಾಡಿಸಿಕೊಂಡು ಬಂದವರು ನಿಮ್ಮ ಮನೆಯಲ್ಲೇ ಇರಬಹುದು, ಕೇಳಿ ನೋಡಿ.

"ಯಾರೂ ನೋಡಲ್ಲ" ಅನ್ನುವವರು ತಮ್ಮ ಸೊಸೈಟಿಯ ಗೇಟು ದಾಟಿ ನೋಡಿಲ್ಲ. ದೂರದರ್ಶನದ ಫ್ರೀ ಡಿಶ್ (ತಿಂಗಳ ಬಾಡಿಗೆ ಇಲ್ಲದೆ ಚಾನೆಲ್ ತೋರಿಸುವ ಡಿಶ್) ಈ ದೇಶದ 4 ಕೋಟಿಗೂ ಹೆಚ್ಚು ಮನೆಗಳಲ್ಲಿದೆ ಅಂತ ಉದ್ಯಮದವರೇ ಅಂದಾಜು ಮಾಡುತ್ತಾರೆ. ಅದರಲ್ಲಿ ಜಾಗ ಸಿಗಲಿ ಅಂತ ಖಾಸಗಿ ಚಾನೆಲ್‌ಗಳು ಹರಾಜಿನಲ್ಲಿ ಕೋಟಿಗಟ್ಟಲೆ ಕೊಡುತ್ತವೆ. ಯಾರೂ ನೋಡದಿದ್ದರೆ ಕೊಡುತ್ತಿದ್ದರಾ?

ಇನ್ನು ಜಾಹೀರಾತು. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಮುಂಬೈನ ಮೀನುಗಾರರ ಬಂದರು ಸಸೂನ್ ಡಾಕ್‌ನಿಂದ ಒಂದು ದೋಣಿ ಹೊರಡುತ್ತದೆ ಅಂದುಕೊಳ್ಳಿ. ಕೆಲವೇ ಗಂಟೆಯಲ್ಲಿ ಮೊಬೈಲ್ ಸಿಗ್ನಲ್ ಹೋಗುತ್ತದೆ. ಎಫ್‌ಎಂ ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಹೋಗುವ ಅಲೆ, ಭೂಮಿಯ ಬಾಗು ಬಂದಲ್ಲಿ ನಿಲ್ಲುತ್ತದೆ. ಹಳೇ ಟ್ರಾನ್ಸಿಸ್ಟರ್ ರೇಡಿಯೋದ ಅಲೆ, ಅಂದರೆ ಮೀಡಿಯಂ ವೇವ್, ಹಾಗಲ್ಲ. ಅದು ನೆಲ ಹಿಡಿದು ಹೋಗುತ್ತದೆ. ಉಪ್ಪುನೀರಿನ ಮೇಲಂತೂ ನೆಲಕ್ಕಿಂತ ಎಷ್ಟೋ ದೂರ ಹೋಗುತ್ತದೆ. ರಾತ್ರಿ ಆಕಾಶದ ಮೇಲ್ಪದರಕ್ಕೆ ಬಡಿದು ವಾಪಸ್ ಬರುತ್ತದೆ. ಧಾರವಾಡ ಕೇಂದ್ರ 765 ಕಿಲೋಹರ್ಟ್ಸ್‌ನಲ್ಲಿ ಕತ್ತಲಾದ ಮೇಲೆ ಮುಂಬೈ ಚಾಳುಗಳಲ್ಲಿ ಕೇಳುತ್ತಿದ್ದದ್ದು ಹೀಗೆ. ಮೀನುಗಾರರಿಗೆ ಹವಾಮಾನ ಇಲಾಖೆಯ ಎಚ್ಚರಿಕೆಯನ್ನು ಸಣ್ಣ ಟ್ರಾನ್ಸಿಸ್ಟರ್‌ಗೆ ಮುಟ್ಟಿಸುವುದು ಈ ಅಲೆ.

ಅದಕ್ಕೆ ಎತ್ತರದ ಕಂಬ ಬೇಕು, ಎಕರೆಗಟ್ಟಲೆ ಜಾಗ ಬೇಕು, ಹತ್ತಾರು, ನೂರಾರು ಕಿಲೋವ್ಯಾಟ್ ಟ್ರಾನ್ಸ್‌ಮಿಟರ್ ಬೇಕು, ಕರೆಂಟ್ ಬಿಲ್ ಕಟ್ಟಬೇಕು. ದೋಣಿಯಲ್ಲಿ ಕೂತ ಆರು ಜನಕ್ಕೋಸ್ಕರ ಯಾವ ಸೋಪಿನ ಕಂಪನಿ ಆ ಬಿಲ್ ಕಟ್ಟುತ್ತದೆ? ಖರೀದಿ ಶಕ್ತಿ ಇರುವ ಜನ ಎಲ್ಲಿ ಜಾಸ್ತಿಯೋ ಜಾಹೀರಾತು ಅಲ್ಲಿಗೆ ಹೋಗುತ್ತದೆ. ಅದು ಅವರ ತಪ್ಪಲ್ಲ, ಅವರ ವ್ಯಾಪಾರ. 2005ರ ಜುಲೈ 26ರಂದು ಮುಂಬೈನ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಬಿದ್ದು ಮೊಬೈಲ್ ಕೈಕೊಟ್ಟ ಊರಲ್ಲಿದ್ದುಕೊಂಡು "ರೇಡಿಯೋ ಮುಚ್ಚಿ" ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಆದರೆ ನಿಮ್ಮ ಪತ್ರದಲ್ಲಿ ಇನ್ನೊಂದು ಮಾತಿದೆ: "ಅದು ಸರ್ಕಾರದ ತುತ್ತೂರಿ." ಇದನ್ನು ನಾನು ತಳ್ಳಿಹಾಕುವುದಿಲ್ಲ. 1995ರಲ್ಲಿ ಸುಪ್ರೀಂ ಕೋರ್ಟ್ ಪ್ರಸಾರದ ತರಂಗಗಳು ಸಾರ್ವಜನಿಕರ ಸ್ವತ್ತು ಅಂತ ಹೇಳಿತು. ಸರ್ಕಾರದ್ದಲ್ಲ, ಕಂಪನಿಯದ್ದೂ ಅಲ್ಲ. ಪ್ರಸಾರ ಭಾರತಿ ಕಾಯ್ದೆ 1990ರಲ್ಲೇ ಪಾಸಾದರೂ ಜಾರಿಗೆ ಬಂದದ್ದು 1997ರಲ್ಲಿ. ಏಳು ವರ್ಷ ಅದನ್ನು ಮೂಲೆಗೆ ಹಾಕಿದ್ದರು. ಇವತ್ತೂ ಸಂಬಳದ ದುಡ್ಡು ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಮೂಲಕ ವರ್ಷ ವರ್ಷ ಬರುತ್ತದೆ. ಒಂದನೇ ತಾರೀಕಿನ ಸಂಬಳ ಯಾರ ಸಹಿಯಿಂದ ಬರುತ್ತದೋ ಅವರ ವಿರುದ್ಧದ ಸುದ್ದಿ ಓದುವುದು ಎಷ್ಟು ಕಷ್ಟ ಅಂತ ಬಾಯಿಬಿಟ್ಟು ಹೇಳಬೇಕಾ?

ಹಾಗಾಗಿ ದುಡ್ಡು ನಿಲ್ಲಿಸಿ ಅನ್ನಬೇಡಿ, ಅದು ಬರುವ ದಾರಿ ಬದಲಿಸಿ ಅಂತ ಕೇಳಿ. ಐದು ವರ್ಷದ ಮೊತ್ತವನ್ನು ಸಂಸತ್ತು ಒಟ್ಟಿಗೆ ಮಂಜೂರು ಮಾಡಲಿ, ನೇರ ಸಂಸ್ಥೆಗೇ ಕೊಡಲಿ, ಲೆಕ್ಕವನ್ನು ಸಂಸತ್ತೇ ಕೇಳಲಿ. ಇದೂ ಪೂರ್ತಿ ಭದ್ರ ಅಲ್ಲ. ಅಮೆರಿಕದಲ್ಲಿ ಸಾರ್ವಜನಿಕ ರೇಡಿಯೋ, ಟಿವಿಗೆ ಎರಡು ವರ್ಷಕ್ಕೆ ಮುಂಗಡವಾಗಿ ಮಂಜೂರು ಮಾಡಿದ್ದ ಸುಮಾರು 110 ಕೋಟಿ ಡಾಲರನ್ನು 2025ರ ಜುಲೈನಲ್ಲಿ ಅಲ್ಲಿನ ಸಂಸತ್ತು ವಾಪಸ್ ತಗೊಂಡಿತು. ದೊಡ್ಡ ನಗರದ ಕೇಂದ್ರಗಳಿಗೆ ದಾನಿಗಳಿದ್ದಾರೆ. ಪೆಟ್ಟು ಜಾಸ್ತಿ ಬಿದ್ದದ್ದು ಹಳ್ಳಿಗಾಡಿನ ಕೇಂದ್ರಗಳಿಗೆ. ಆದರೂ ವರ್ಷ ವರ್ಷ ಕೈಚಾಚುವುದಕ್ಕಿಂತ ಇದು ಮೇಲು. ಹಳೇ ಲೈಸೆನ್ಸ್ ಪದ್ಧತಿ ಬೇಡ. ಬಡವರೂ ಶ್ರೀಮಂತರೂ ಅಷ್ಟೇ ಕಟ್ಟಬೇಕಾಗುತ್ತದೆ.

ಪ್ರಶ್ನೆ: ಖಾಸಗಿ ಎಫ್‌ಎಂ ಇದೆಯಲ್ಲ, ಸುದ್ದಿಗೆ ಅದೇ ಸಾಕಲ್ವಾ? (ಮುಲುಂಡ್)

ಇಲ್ಲ. ಸ್ವಂತ ಸುದ್ದಿ ಹೇಳಲು ಅವರಿಗೆ ಅನುಮತಿಯೇ ಇಲ್ಲ, ಸುದ್ದಿ ಹಾಕುವುದಾದರೆ ಆಕಾಶವಾಣಿಯ ಸುದ್ದಿಯನ್ನೇ ಹಾಕಬೇಕು.

ಪ್ರಶ್ನೆ: ಊರಲ್ಲಿ ಅಮ್ಮನ ಮನೆಗೆ ಫ್ರೀ ಡಿಶ್ ಹಾಕಿಸಿದೆವು. ಡಿಶ್ ಕೂರಿಸಿದವನು ತಿಂಗಳಿಗೆ ರೀಚಾರ್ಜ್ ಕೇಳುತ್ತಿದ್ದಾನೆ. (ನೆರೂಲ್)

ಒಂದು ರೂಪಾಯಿ ಕೊಡಬೇಡಿ. ಬಾಕ್ಸ್, ಡಿಶ್ ಮತ್ತು ಕೂರಿಸಿದ ಕೂಲಿ ಒಂದೇ ಸಲದ ಖರ್ಚು, ತಿಂಗಳ ಬಾಡಿಗೆ ಅನ್ನೋದೇ ಇಲ್ಲ. ಅಮ್ಮನಿಗೆ ಇವತ್ತೇ ಫೋನ್ ಮಾಡಿ ಹೇಳಿ. ಕೊಟ್ಟಾಗಿದ್ದರೆ ವಾಪಸ್ ಕೇಳಿ.