ಹೂವಿನ ಗಲ್ಲಿಯಲ್ಲಿ ಕಂಡದ್ದು

ಪ್ರಶ್ನೆ: ನನಗೆ 26. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಮನೆ. ಮುಂಬೈನ ಮಾಟುಂಗಾದಲ್ಲಿರುವ ಕನ್ನಡಿಗರ ಸಂಸ್ಥೆ ಮೈಸೂರು ಅಸೋಸಿಯೇಷನ್‌ಗೆ ನಾಟಕ ನೋಡಲು ಹೋದಾಗ ಪರಿಚಯವಾದವರನ್ನು ಎರಡು ವರ್ಷದಿಂದ ಪ್ರೀತಿಸುತ್ತಿದ್ದೇನೆ. ಜಾತಿ ಬೇರೆ, ಮನೆಯಲ್ಲಿ ಗೊತ್ತಿಲ್ಲ. ಮಾಟುಂಗಾದಲ್ಲೆಲ್ಲ ನಮ್ಮವರೇ ಜಾಸ್ತಿ. ಹಾಗಾಗಿ ಹೊರಗೆ ಎದುರಾದರೂ ಮಾತಾಡಬಾರದು ಅಂತ ನಿಯಮ ಮಾಡಿಕೊಂಡಿದ್ದೇವೆ. ಕಳೆದ ತಿಂಗಳು ಅಲ್ಲಿನ ಹೂವಿನ ಗಲ್ಲಿಯಲ್ಲಿ ಅವರು ಯಾರೋ ಹುಡುಗಿಗೆ ಮಲ್ಲಿಗೆ ಕೊಡಿಸುತ್ತಿದ್ದರು. ಹೊಟ್ಟೆ ಉರಿದು, ಆಫೀಸಿನ ಗೆಳೆಯನ ಜೊತೆಗಿನ ಫೋಟೋ ಸ್ಟೇಟಸ್‌ಗೆ ಹಾಕಿದೆ. ಯಾವಾಗಲೂ ‘ನೀನು’ ಅನ್ನುವವರು ‘ಖುಷಿಯಾಗಿರಿ’ ಅಂತ ಬರೆದರು. ಹನ್ನೆರಡು ದಿನದಿಂದ ಮಾತಿಲ್ಲ. ನಾನು ಮೋಸ ಹೋದೆನಾ?

ಉತ್ತರ: ನಿಮ್ಮ ಆ ನಿಯಮದ ಹತ್ತಿರವೇ ನನ್ನ ಮನಸ್ಸು ನಿಂತುಬಿಟ್ಟಿತು. ಅದಿಲ್ಲದಿದ್ದರೆ ಅವತ್ತು ನೀವು ನೇರ ಹೋಗಿ ‘ಇವರು ಯಾರು?’ ಅಂತ ಕೇಳುತ್ತಿದ್ದಿರಿ. ತಂಗಿಯೋ, ಅತ್ತೆ ಮಗಳೋ, ಅಲ್ಲೇ ತಿಳಿಯುತ್ತಿತ್ತು. ಅದರ ಬದಲು ಡೊಂಬಿವಲಿ ತನಕ ಸ್ಲೋ ಲೋಕಲ್‌ನ ಲೇಡೀಸ್ ಡಬ್ಬಾದಲ್ಲಿ ನಿಂತು ಇಡೀ ಕತೆಯನ್ನು ಒಬ್ಬರೇ ಕಟ್ಟಿಕೊಂಡಿರಿ, ಅಲ್ವಾ? ಅಷ್ಟು ಜನರ ಮಧ್ಯೆ ಅಳುವುದಕ್ಕೂ ಆಗಿರಲಿಕ್ಕಿಲ್ಲ, ಪಾಪ.

ರಾತ್ರಿ ಫೋನಿನಲ್ಲಾದರೂ ಕೇಳಬಹುದಿತ್ತು. ಆದರೆ ಊರಿನಿಂದ ಬಚ್ಚಿಟ್ಟು ಬಚ್ಚಿಟ್ಟು, ಕೊನೆಗೆ ಒಬ್ಬರಿಂದೊಬ್ಬರು ಬಚ್ಚಿಡುವುದೂ ಅಭ್ಯಾಸವಾಗಿಬಿಡುತ್ತದೆ. ಈಗ ಅವರೂ ನಿಮ್ಮ ಹಾಗೇ ಒಬ್ಬರೇ ಕೂತು ಒಂದು ಕತೆ ಕಟ್ಟಿಕೊಂಡಿರಬಹುದು. ಸ್ಟೇಟಸ್ ಒಂದೇ ದಿನದಲ್ಲಿ ಅಳಿಸಿಹೋಯಿತು, ಅವರ ಕಣ್ಣಿಂದ ಹೋಗಿಲ್ಲ. ಆ ‘ಖುಷಿಯಾಗಿರಿ’ಯಲ್ಲಿ ನನಗಂತೂ ನೋವೇ ಕಂಡಿತು. ನನ್ನ ಊಹೆ ತಪ್ಪಿದ್ದರೂ ಇರಬಹುದು. ಅದಕ್ಕೇ ಕೇಳಿ ಅನ್ನುತ್ತಿದ್ದೇನೆ.

ದಾದರ್ ಸ್ಟೇಷನ್ನಿನ ಸೇತುವೆ ಮೇಲೆ ಐದು ನಿಮಿಷ ನಿಂತು ಆಡುವ ಮಾತಲ್ಲ ಇದು. ಯಾವುದಾದರೂ ಉಡುಪಿ ಹೋಟೆಲಿನಲ್ಲಿ ಎದುರುಬದುರು ಕೂತುಕೊಳ್ಳಿ. ‘ಅವತ್ತು ನಿಮ್ಮನ್ನು ನೋಡಿದೆ, ಹೊಟ್ಟೆಕಿಚ್ಚಾಯಿತು, ಫೋಟೋ ಬೇಕಂತಲೇ ಹಾಕಿದೆ’ ಅಂತ ಮೊದಲು ನೀವು ಹೇಳಿ. ಆಮೇಲೆ ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಳ್ಳಿ. ಫೋನ್ ತೋರಿಸಿ ಅನ್ನಬೇಡಿ. ಏನೂ ಅರಿಯದ ಆ ಆಫೀಸಿನ ಗೆಳೆಯನಿಗೂ ‘ಸಾರಿ’ ಅಂತ ಒಂದು ಮಾತು ಹೇಳಬೇಕು.

ಮಲ್ಲಿಗೆಯ ವಿಷಯ ಮುಗಿದ ಮೇಲೆ ‘ಮನೆಯಲ್ಲಿ ಯಾವಾಗ ಹೇಳೋಣ?’ ಅಂತ ಕೇಳಿ. ಜಾತಿ ಬೇರೆ ಅಂತ ಕಾನೂನು ನಿಮ್ಮನ್ನು ತಡೆಯುವುದಿಲ್ಲ. ಅಪ್ಪ ಅಮ್ಮನ ಮುಖ ನೆನೆದಾಗ ಬರುವ ಭಯ ತಡೆಯುತ್ತದೆ, ಅದು ಸಣ್ಣದೇನಲ್ಲ. ನಿಮ್ಮ ಪ್ರಶ್ನೆಗೆ ಅವರು ದೀಪಾವಳಿ ಅನ್ನಲಿ, ಯುಗಾದಿ ಅನ್ನಲಿ, ಒಂದು ದಿನ ಹೇಳಲಿ. ‘ಮುಂದೆ ನೋಡೋಣ’ ಅಂತ ಜಾರಿಕೊಂಡರೆ, ನಿಮ್ಮ ಬಗ್ಗೆ ನನಗೆ ಆಗ ನಿಜವಾಗಿ ಚಿಂತೆಯಾಗುತ್ತದೆ. ಹಾಗಾದರೆ ಖಂಡಿತ ಮತ್ತೆ ಬರೆಯಿರಿ.