ಒಂದೂ ಸೋಲದ ತಂಡವನ್ನು ಹೊರಗಿಟ್ಟಿದ್ದು ಸರಿಯೇ?

ಶಿವಮೊಗ್ಗದಿಂದ ನಿವೃತ್ತ ಪಿ.ಟಿ. ಮೇಷ್ಟ್ರೊಬ್ಬರು ನಮಗೆ ಪತ್ರ ಬರೆದಿದ್ದಾರೆ. ಅವರ ಮೊಮ್ಮಗ ಅಮೆರಿಕದ ಟ್ಯಾಲಹಾಸಿಯಲ್ಲಿ, ಫ್ಲಾರಿಡಾ ಸ್ಟೇಟ್ ಯೂನಿವರ್ಸಿಟಿಯಲ್ಲಿ ಓದುತ್ತಿದ್ದಾನೆ. ಪತ್ರದ ಸಾರ ಇಷ್ಟು: "2023ರಲ್ಲಿ ನಮ್ಮ ಕಾಲೇಜು ಫುಟ್‌ಬಾಲ್ ಟೀಮ್ ಹದಿಮೂರಕ್ಕೆ ಹದಿಮೂರೂ ಗೆದ್ದರೂ ಕೊನೆಯ ನಾಲ್ಕರಲ್ಲಿ ಸೇರಿಸಲಿಲ್ಲ, ಒಂದೊಂದು ಮ್ಯಾಚ್ ಸೋತವರನ್ನು ಸೇರಿಸಿದರು ಅಂತ ಮೊಮ್ಮಗ ಇವತ್ತಿಗೂ ಕುದಿಯುತ್ತಾನೆ. ಆದರೆ ಆಮೇಲೆ ಅದೇ ಟೀಮ್ 63-3ರಲ್ಲಿ ಸೋತಿತಂತೆ. ಹಾಗಾದರೆ ಹೊರಗಿಟ್ಟವರು ಹೇಳಿದ್ದೇ ಸರಿ ಆಯ್ತಲ್ಲವೇ? ನಾನು ಹೀಗೆ ಕೇಳಿದ್ದಕ್ಕೆ ಅವನು ಫೋನ್ ಇಟ್ಟುಬಿಟ್ಟ."

ಮೇಷ್ಟ್ರೇ, ಮೊಮ್ಮಗನಿಗೆ ನೀವೇ ಮೊದಲು ಫೋನ್ ಮಾಡಿ. ಈ ಜಗಳದಲ್ಲಿ ನಾನು ಅವನ ಕಡೆ.

ಇದು ನೀವು ಮಕ್ಕಳಿಗೆ ಆಡಿಸಿದ ಕಾಲ್ಚೆಂಡಲ್ಲ, ಹೆಲ್ಮೆಟ್ ಹಾಕಿಕೊಂಡು ಉದ್ದನೆಯ ಚೆಂಡು ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್. ದೊಡ್ಡ ದರ್ಜೆಯಲ್ಲೇ 130ಕ್ಕೂ ಹೆಚ್ಚು ಕಾಲೇಜು ತಂಡಗಳಿವೆ, ಒಂದೊಂದು ತಂಡಕ್ಕೆ ಮಾಮೂಲಿ ಸೀಸನ್ನಿನಲ್ಲಿ ಸಿಗುವುದು 12 ಮ್ಯಾಚ್. ಎಲ್ಲರೂ ಎಲ್ಲರ ಮೇಲೆ ಆಡುವ ಮಾತೇ ಇಲ್ಲ. ಐಪಿಎಲ್‌ನಲ್ಲಿ ಪಾಯಿಂಟ್ಸ್ ಟೇಬಲ್ ನೋಡಿ, ಸಮ ಬಂದರೆ ರನ್ ರೇಟ್ ನೋಡಿ ಮುಗಿಸುತ್ತಾರಲ್ಲ, ಇಲ್ಲಿ ಅದು ಆಗಲ್ಲ. ಅದಕ್ಕೇ 13 ಜನರ ಒಂದು ಸಮಿತಿ ಕೂತು ಕೊನೆಗೆ ಕಪ್ಪಿಗಾಗಿ ಆಡುವ ನಾಲ್ಕು ತಂಡ ಆರಿಸುತ್ತಿತ್ತು. ಆಗ ದೊಡ್ಡ ಕಾನ್ಫರೆನ್ಸ್‌ಗಳು, ಅಂದರೆ ತಂಡಗಳ ಗುಂಪುಗಳು, ಐದಿದ್ದವು. ಐದು ಚಾಂಪಿಯನ್ನರಿಗೆ ನಾಲ್ಕು ಕುರ್ಚಿ. ಯಾರಾದರೂ ಒಬ್ಬರು ನಿಂತೇ ಇರಬೇಕಿತ್ತು, ಅಲ್ವಾ?

ಈಗ ಆ ಸೀಸನ್ ನೋಡಿ. ಕೋಚ್ ಮೈಕ್ ನಾರ್ವೆಲ್ 2020ರಲ್ಲಿ ಬಂದಾಗ ತಂಡ ಮೂರು ಗೆದ್ದು ಆರು ಸೋತಿತ್ತು. ಮರುವರ್ಷ ಜಾಕ್ಸನ್‌ವಿಲ್ ಸ್ಟೇಟ್ ಎಂಬ ಚಿಕ್ಕ ದರ್ಜೆಯ ತಂಡದ ಕೈಲಿ ಸ್ವಂತ ಊರಲ್ಲೇ, ಮ್ಯಾಚಿನ ಕಟ್ಟಕಡೆಯ ಗಳಿಗೆಯಲ್ಲಿ ಸೋತು ಮಾನ ಕಳೆದುಕೊಂಡಿತ್ತು. ಅಲ್ಲಿಂದ ಎದ್ದು ಬಂದ ತಂಡ ಇದು. 2023ರ ಸೆಪ್ಟೆಂಬರ್ 3ಕ್ಕೆ ಒರ್ಲ್ಯಾಂಡೊದಲ್ಲಿ ಲೂಯಿಸಿಯಾನಾ ಸ್ಟೇಟ್ (ಎಲ್‌ಎಸ್‌ಯು) ತಂಡವನ್ನು 45-24ರಲ್ಲಿ ಹೊಡೆಯಿತು. ಆ ದಿನ ಕಿಯಾನ್ ಕೋಲ್ಮನ್ ಎಂಬ ಹುಡುಗ, ಅದೇ ವರ್ಷ ಬೇರೆ ಕಾಲೇಜಿಂದ ಬಂದವನು, ಮೂರು ಟಚ್‌ಡೌನ್ ಹಿಡಿದ, ಅಂದರೆ ಎದುರಾಳಿಯ ಕೊನೆಯ ಗೆರೆಯಾಚೆಗೆ ಚೆಂಡು ಮುಟ್ಟಿಸಿ ಗಳಿಸುವ ದೊಡ್ಡ ಸ್ಕೋರ್. ಅದಾದ ಮೇಲೆ ಕ್ಲೆಮ್ಸನ್ ತಂಡ. 2014ರ ನಂತರ ಫ್ಲಾರಿಡಾ ಸ್ಟೇಟ್ ಅವರನ್ನು ಗೆದ್ದೇ ಇರಲಿಲ್ಲ. ಅದೂ ಅವರದೇ ಮೈದಾನ, ಅವರದೇ ಜನ. ಸೋಲು ಹತ್ತಿರ ಬಂದಿತ್ತು. ಕೇಲನ್ ಡಿಲೋಚ್ ಎದುರಾಳಿಯ ಕೈಯಿಂದ ಚೆಂಡು ಬೀಳಿಸಿ, ಅದನ್ನೇ ಎತ್ತಿಕೊಂಡು ಓಡಿ ಸ್ಕೋರ್ ಸಮ ಮಾಡಿದ. ಕೊನೆಗೆ ಕ್ಲೆಮ್ಸನ್‌ನವರು ಹತ್ತಿರದಿಂದ ಹೊಡೆದ ಒಂದು ಕಿಕ್ ಗುರಿ ತಪ್ಪಿತು. ಹೆಚ್ಚುವರಿ ಆಟದಲ್ಲಿ 31-24. ಮತ್ತೆ ಕೋಲ್ಮನ್ನೇ ಹಿಡಿದ. ಆ ಒಂದು ಮ್ಯಾಚಿನ ಬಗ್ಗೆಯೇ ಇಡೀ ಸಂಚಿಕೆ ತುಂಬಿಸಬಹುದು, ಬಿಡಿ.

ಈ ಎಲ್ಲದರ ನಡುವೆ ಇದ್ದವನು ಜೋರ್ಡನ್ ಟ್ರಾವಿಸ್, ಕ್ವಾರ್ಟರ್‌ಬ್ಯಾಕ್. ಚೆಂಡು ಎಸೆಯುವವನು, ಆಟ ನಡೆಸುವವನು ಅವನೇ. ನವೆಂಬರ್ 18ಕ್ಕೆ ನಾರ್ತ್ ಅಲಬಾಮಾ ಮೇಲೆ ಆಡುವಾಗ ಮೊದಲ ಕ್ವಾರ್ಟರ್‌ನಲ್ಲೇ, ಅಂದರೆ ಆಟದ ಮೊದಲ ಕಾಲು ಭಾಗದಲ್ಲೇ, ಅವನ ಕಾಲು ಮುರಿಯಿತು. 13-0 ಹಿಂದಿದ್ದ ತಂಡ ಅವನನ್ನು ಹೊರಗೆ ಒಯ್ದ ಮೇಲೂ 58-13ರಲ್ಲಿ ಗೆದ್ದಿತು. ಮುಂದಿನ ವಾರ ಎರಡನೇ ಕ್ವಾರ್ಟರ್‌ಬ್ಯಾಕ್ ಟೇಟ್ ರೋಡ್‌ಮೇಕರ್ ಜೊತೆ ಹಳೇ ವೈರಿ ಫ್ಲಾರಿಡಾವನ್ನು ಗೆದ್ದಿತು. ಅವನ ತಲೆಗೂ ಪೆಟ್ಟಾಯಿತು. ಡಿಸೆಂಬರ್ 2ಕ್ಕೆ ಕಾನ್ಫರೆನ್ಸ್ ಫೈನಲ್‌ನಲ್ಲಿ ಮೂರನೆಯವನು, ಮೊದಲ ವರ್ಷದ ಹುಡುಗ ಬ್ರಾಕ್ ಗ್ಲೆನ್ ಆಡಿದ. ನೋಡಲು ಚೆಂದದ ಆಟವೇನಲ್ಲ, ನಿಜ. ಆದರೆ ಡಿಫೆನ್ಸ್‌ನವರು ಎದುರಾಳಿ ಲೂಯಿವಿಲ್‌ಗೆ ಒಂದೇ ಒಂದು ಟಚ್‌ಡೌನ್ ಬಿಟ್ಟುಕೊಡಲಿಲ್ಲ. 16-6. ಹದಿಮೂರಕ್ಕೆ ಹದಿಮೂರು.

ಮರುದಿನ ಪಟ್ಟಿ ಬಂತು: ಮಿಷಿಗನ್, ವಾಷಿಂಗ್ಟನ್, ಟೆಕ್ಸಸ್, ಅಲಬಾಮಾ. ಫ್ಲಾರಿಡಾ ಸ್ಟೇಟ್ ಐದನೆಯದು. ನಾಲ್ಕು ತಂಡಗಳ ಈ ಪದ್ಧತಿಯಲ್ಲಿ ಸೋಲದ ದೊಡ್ಡ ಕಾನ್ಫರೆನ್ಸ್ ಚಾಂಪಿಯನ್ ಒಬ್ಬರನ್ನು ಹೊರಗಿಟ್ಟಿದ್ದು ಅದೇ ಮೊದಲು. ಟ್ರಾವಿಸ್ ಇಲ್ಲದ ಮೇಲೆ ಅದು ಬೇರೆಯದೇ ತಂಡ ಅಂತ ಸಮಿತಿಯ ಅಧ್ಯಕ್ಷ ಬೂ ಕಾರಿಗನ್ ಕಾರಣ ಕೊಟ್ಟರು. ಮುಖ್ಯ ಆಟಗಾರ ಇಲ್ಲದಿದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದು ಅಂತ ಸಮಿತಿಯ ನಿಯಮದಲ್ಲೇ ಬರೆದಿತ್ತು. ಹಾಗಾಗಿ ನಿಯಮ ಮುರಿದರು ಅನ್ನಲು ಬರುವುದಿಲ್ಲ. ಮೊಮ್ಮಗನಿಗೆ ಇಷ್ಟು ಮಾತ್ರ ನೀವು ಹೇಳಬಹುದು.

ನನ್ನ ತಕರಾರು ಬೇರೆ. ಕಾನ್ಫರೆನ್ಸ್ ಫೈನಲ್‌ಗೆ ನಾಲ್ಕು ದಿನ ಮುಂಚೆ ಇದೇ ಸಮಿತಿಯ ಪಟ್ಟಿಯಲ್ಲಿ ಫ್ಲಾರಿಡಾ ಸ್ಟೇಟ್ ನಾಲ್ಕನೇ ಸ್ಥಾನದಲ್ಲಿತ್ತು, ಅಲಬಾಮಾ ಎಂಟರಲ್ಲಿತ್ತು. ಟ್ರಾವಿಸ್ ಕಾಲು ಮುರಿದು ಆಗಲೇ ಹತ್ತು ದಿನ. ಗೊತ್ತಿದ್ದೂ ನಾಲ್ಕನೇ ಸ್ಥಾನ ಕೊಟ್ಟವರು, ತಂಡ ಇನ್ನೊಂದು ಮ್ಯಾಚ್ ಗೆದ್ದ ಮೇಲೆ ಐದಕ್ಕೆ ಇಳಿಸಿದರು! ಅಲಬಾಮಾ ನಂಬರ್ ಒನ್ ಜಾರ್ಜಿಯಾವನ್ನು 27-24ರಲ್ಲಿ ಗೆದ್ದುಬಿಟ್ಟಿತಲ್ಲ, ಅವರನ್ನು ಬಿಡಲು ಆಗಲಿಲ್ಲ. ಅಲಬಾಮಾವನ್ನು ಸೆಪ್ಟೆಂಬರ್‌ನಲ್ಲೇ ಸೋಲಿಸಿದ್ದ ಟೆಕ್ಸಸ್ಸನ್ನು ಅವರಿಗಿಂತ ಕೆಳಗಿಡಲೂ ಆಗಲಿಲ್ಲ. ಹೊರಗುಳಿದವರು ಟ್ಯಾಲಹಾಸಿಯವರು. ಕಾಲು ಮೊದಲೇ ಮುರಿದಿದ್ದರೆ ಚೆನ್ನಾಗಿತ್ತು, ನಾನಿಲ್ಲದೆಯೂ ಈ ತಂಡ ಏನು ಅಂತ ಜನ ನೋಡುತ್ತಿದ್ದರು ಅಂತ ಟ್ರಾವಿಸ್ ಬರೆದುಕೊಂಡ. ಇಪ್ಪತ್ತರ ಆಸುಪಾಸಿನ ಹುಡುಗ ಹಾಗೆ ಬರೆಯುವ ಹಾಗೆ ಮಾಡಿದ್ದು ನನಗೆ ಸರಿ ಕಾಣಲಿಲ್ಲ.

ಮೂರನೇ ಕ್ವಾರ್ಟರ್‌ಬ್ಯಾಕ್ ಇಟ್ಟುಕೊಂಡು ಏನು ಗೆಲ್ಲುತ್ತಾರೆ ಅನ್ನುವವರಿಗೆ ಉತ್ತರ ಇದೇ ಪದ್ಧತಿಯ ಮೊದಲ ವರ್ಷದಲ್ಲೇ ಇದೆ. 2014ರಲ್ಲಿ ಒಹಾಯೊ ಸ್ಟೇಟ್ ತಂಡದ ಕ್ವಾರ್ಟರ್‌ಬ್ಯಾಕ್‌ಗಳಿಗೂ ಇದೇ ಗತಿ. ಮೂರನೆಯವನಾದ ಕಾರ್ಡೇಲ್ ಜೋನ್ಸ್ ಬಂದು ಕಾನ್ಫರೆನ್ಸ್ ಫೈನಲ್‌ನಲ್ಲಿ ವಿಸ್ಕಾನ್ಸಿನ್‌ಗೆ 59-0, ಆಮೇಲೆ ಅಲಬಾಮಾಕ್ಕೆ, ಕೊನೆಗೆ ಒರೆಗನ್‌ಗೆ ಮಣ್ಣು ಮುಕ್ಕಿಸಿ ಕಪ್ ಎತ್ತಿದ. 59-0 ಗೆದ್ದರೆ ಒಳಗೆ, 16-6 ಗೆದ್ದರೆ ಹೊರಗೆ ಅಂದರೆ ಗೆಲುವಿಗೂ ಚೆಂದ ಬೇಕು ಅಂತ ಆಯ್ತು. ಹಾಗಿದ್ದರೆ ಅದನ್ನು ಸೀಸನ್ ಶುರುವಾಗುವ ಮುಂಚೆಯೇ ಹೇಳಬೇಕಿತ್ತು.

ಈಗ ನಿಮ್ಮ 63-3. ಅದು ಡಿಸೆಂಬರ್ 30ರ ಆರೆಂಜ್ ಬೌಲ್, ಕಪ್ಪಿಗೆ ಸಂಬಂಧವಿಲ್ಲದ, ಸೀಸನ್ ಮುಗಿದ ಮೇಲಿನ ಒಂದು ಮ್ಯಾಚ್, ಎದುರಿಗೆ ಜಾರ್ಜಿಯಾ. ಸ್ಕೋರ್ ಏನೋ ನಿಜ. ಆದರೆ ಫ್ಲಾರಿಡಾ ಸ್ಟೇಟ್ ಕಡೆ ಇಪ್ಪತ್ತಕ್ಕೂ ಹೆಚ್ಚು ಆಟಗಾರರು ಆಡಲೇ ಇಲ್ಲ. ಕಪ್ಪಿನ ಆಸೆ ಹೋದ ಮೇಲೆ ಕೋಲ್ಮನ್, ಜಾರೆಡ್ ವರ್ಸ್ ಅಂಥವರು ದುಡ್ಡಿಗೆ ಆಡುವ ದೊಡ್ಡ ಲೀಗ್ ಎನ್‌ಎಫ್‌ಎಲ್‌ನ ಆಯ್ಕೆ ಮುಂದಿರುವಾಗ ಮೈಕೈ ಮುರಿದುಕೊಳ್ಳುವುದು ಬೇಡ ಅಂತ ಕೂತರು. ರೋಡ್‌ಮೇಕರ್ ಕಾಲೇಜು ಬದಲಿಸಲು ಹೊರಟಿದ್ದ. ಲೂಯಿವಿಲ್‌ಗೆ ಟಚ್‌ಡೌನ್ ಕೊಡದ ಆ ಡಿಫೆನ್ಸ್ ಆ ದಿನ ಮೈದಾನದಲ್ಲಿ ಇರಲೇ ಇಲ್ಲ ಅನ್ನಬಹುದು. ಕಪ್ಪಿಗಾಗಿ ಆಡಿಸಿದ್ದರೆ ಇವರೆಲ್ಲ ಕೂರುತ್ತಿದ್ದರೇ? ಹೊರಗಿಟ್ಟಿದ್ದರಿಂದ ಒಡೆದ ತಂಡವನ್ನು ತೋರಿಸಿ, ನೋಡಿ, ಹೊರಗಿಟ್ಟಿದ್ದು ಸರಿ ಅಂದರೆ ಹೇಗೆ ಮೇಷ್ಟ್ರೇ? ಮಿಷಿಗನ್ ಮೇಲೆ ಅವರು ಗೆಲ್ಲುತ್ತಿದ್ದರು ಅಂತ ನಾನು ಹೇಳುತ್ತಿಲ್ಲ. ಸೋಲುತ್ತಿದ್ದರೇನೋ. ಅಲಬಾಮಾವೂ ಮಿಷಿಗನ್‌ಗೆ ಸೋತಿತು. ಆಡಿ ಸೋಲುವ ಹಕ್ಕನ್ನು ಅವರು ಸಂಪಾದಿಸಿದ್ದರು, ಅಷ್ಟೇ.

ರಾಜಕೀಯದವರು ಇದರಲ್ಲೂ ಕೈ ಹಾಕಿದರು. ಫ್ಲಾರಿಡಾದ ಗವರ್ನರ್ ಈ ನಿರ್ಧಾರದ ವಿರುದ್ಧದ ಕೋರ್ಟ್ ಖರ್ಚಿಗೆ ಅಂತ ಬಜೆಟ್‌ನಲ್ಲಿ ಹತ್ತು ಲಕ್ಷ ಡಾಲರ್ ಇಡಲು ಹೊರಟರು. ಚುನಾವಣೆ ಹತ್ತಿರ ಇದ್ದಾಗ ಯಾವ ದೇಶವಾದರೂ ಒಂದೇ ನೋಡಿ.

ಇನ್ನು "ಈಗಲೂ ಹೀಗೇ ನಡೆಯುತ್ತದಾ" ಅಂತ ಕೇಳಿದ್ದೀರಿ. ಇಲ್ಲ. 2024ರಿಂದ 12 ತಂಡಗಳು, ಚಾಂಪಿಯನ್ನರಿಗೆ ಖಾತ್ರಿ ಸೀಟುಗಳೂ ಇವೆ. ಅಂಥದ್ದೇ ಸೀಸನ್ ಈಗ ಆಡಿದರೆ ಹೊರಗಿಡುವ ಪ್ರಶ್ನೆಯೇ ಬರುವುದಿಲ್ಲ. ಆದರೆ ಬಾಗಿಲು ಅಗಲವಾದ ಆ ಮೊದಲ ವರ್ಷವೇ ಫ್ಲಾರಿಡಾ ಸ್ಟೇಟ್ 12ರಲ್ಲಿ ಗೆದ್ದಿದ್ದು ಎರಡೇ. ಮೊಮ್ಮಗನ ಹತ್ತಿರ ಮಾತಾಡುವಾಗ ಇದೊಂದನ್ನು ಎತ್ತಬೇಡಿ.