ಜಾರ್ಖಂಡಿನ ಕೆಲಸಗಾರರು ಚರ್ಚಿನಲ್ಲಿ ಬೆರೆಯುತ್ತಿಲ್ಲ ಎಂದವರಿಗೆ

ಜಾರ್ಖಂಡಿನಿಂದ ಬಂದ ತೋಟದ ಕೆಲಸಗಾರರು ಹಿಂದಿನ ಬೆಂಚಿನಲ್ಲಿ ಕೂತು, ಪೂಜೆ ಮುಗಿದ ಕೂಡಲೇ ಹೊರಡುತ್ತಾರೆ, ಯಾರ ಜೊತೆಗೂ ಬೆರೆಯುವುದಿಲ್ಲ ಎಂದಿರಿ. ಭಾಷೆಯ ತೊಡಕೇ ಇರಬೇಕು. ಸಂತೆಗೆ ಹೋಗುವ ಅವಸರವೂ ಇರಬಹುದು, ಕೇಳಿ ನೋಡಿ.

ಹಳೇ ಬಟ್ಟೆ, ಅಕ್ಕಿ ಹಂಚುವ ಯೋಚನೆ ಸದ್ಯಕ್ಕೆ ಬೇಡ. ಕೊಡುವವರು, ತಗೊಳ್ಳುವವರು ಅಂತ ಆಗಿಬಿಡುತ್ತದೆ. ಮೊದಲು ನೀವೇ ಅವರ ಬೆಂಚಿನಲ್ಲಿ ಕೂತುಕೊಳ್ಳಿ. ಹೆಸರು ಕೇಳಿ, ಮುಂದಿನ ವಾರ ಅದೇ ಹೆಸರು ಹಿಡಿದು ಮಾತಾಡಿಸಿ. ಆಮೇಲೆ ಪೂಜೆಯಲ್ಲಿ ಓದುವ ಒಂದು ಬೈಬಲ್ ವಾಚನವನ್ನು ಹಿಂದಿಯಲ್ಲಿ ಅವರಿಂದಲೇ ಓದಿಸಬಹುದಾ ಅಂತ ಫಾದರ್ ಹತ್ತಿರ ಕೇಳಿ. ಒಪ್ಪುತ್ತಾರೋ ಇಲ್ಲವೋ ಹೇಳಲಾಗದು.

ಯಾರಾದರೂ ಗೊಣಗಿದರೆ, ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚನ್ನು ನೆನಪಿಸಿ. ಟಿಪ್ಪುವಿನ ಕಾಲದಲ್ಲಿ ಓಡಿಬಂದ ಕ್ರೈಸ್ತರಿಗೆ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ಆಶ್ರಯ ಕೊಟ್ಟ ಮೇಲೆ, 1792ರಲ್ಲಿ ಶುರುವಾದದ್ದು ಅದು. ಆಗ ನಮ್ಮವರೂ ವಲಸಿಗರೇ, ಅಲ್ವಾ?

ತೋಟದಲ್ಲಿ ಅವರಿರುವ ಲೈನ್ ಮನೆಗೆ ಹೋಗುವುದಾದರೆ, ತೋಟದ ಲೆಕ್ಕ ನೋಡುವ ರೈಟರಿಗೆ ಮೊದಲೇ ಹೇಳಿ. ಕಾಫಿ ಕುಯ್ಲಿನ ದಿನಗಳಲ್ಲಿ ಸಂಜೆ ಮೇಲೆ ಹೋಗಿ.